ಇಪ್ಪತ್ತೇಳನೇ ನಂಬರಿನ ದಾರ

೩ ಫೆಬ್ರವರಿ ೨೦೨೫, ಸೋಮವಾರ. ಮೊಳಕಾಲ್ಮೂರು

ಇವತ್ತು ಬಣ್ಣದ ಹಂಡೆಗೆ ಒಲೆ ಹಚ್ಚಲಿಲ್ಲ. ಹಚ್ಚದ ದಿನ ಈ ಪುಸ್ತಕದಲ್ಲಿ ಬರೆಯೋಕೆ ಏನೂ ಇರಬಾರದು. ಮೂವತ್ತೊಂದು ವರ್ಷದಿಂದ ಇದು ಬಣ್ಣದ ಪುಸ್ತಕ. ಯಾವ ದಿನ ಎಷ್ಟು ಲಡಿ ರೇಷ್ಮೆ ಅದ್ದಿದೆ, ಯಾವ ಪುಡಿ ಎಷ್ಟು ಹಾಕಿದೆ, ಪಕ್ಕದಲ್ಲಿ ಆ ದಾರದ ಒಂದು ಬೆರಳುದ್ದ ತುಂಡು ಅಂಟಿಸಿದ್ದು. ಏಳನೇ ಕ್ಲಾಸು ಓದಿ ಬೇರೆಯವರ ಹಂಡೆಗೆ ನೀರು ಹೊತ್ತವನಿಗೆ ಇದಕ್ಕಿಂತ ಹೆಚ್ಚು ಬರೆಯೋ ಕೆಲಸ ಬಿದ್ದಿರಲಿಲ್ಲ. ನವೆಂಬರಿನಿಂದ ಈಚೆಗೆ ಬೇರೆ ಮಾತೂ ಸೇರಿಕೊಳ್ತಾ ಇದೆ.

ಹೇಳಿಕೊಳ್ಳೋಕೆ ಜನ ಇಲ್ಲ ಅಂತಲ್ಲ. ನನ್ನ ಬಾಯಿಗೆ ಈ ಊರಲ್ಲಿ ಕಿವಿಗಳ ಬರ ಬಂದಿಲ್ಲ. ಆದರೆ ಕೇಳಿದವರೆಲ್ಲ ಕೊನೆಗೆ ಭುಜ ತಟ್ಟಿ ಹೋಗ್ತಾರೆ. ಭುಜ ನೋಯುತ್ತೆ.

ಮಧ್ಯಾಹ್ನ ಲೋಹಿತ ಬಂದಿದ್ದ. ಪರಶುರಾಂಪುರದ ಕಡೆಯವನು, ನನ್ನ ಮಗಳು ಗಂಗಿ ಜೊತೆ ಗಿಡಗಳ ಸಂಶೋಧನೆ ಮಾಡ್ತಿದ್ದವನು, ಈಗ ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಅರುಣಾಚಲದ ಬೆಟ್ಟಕ್ಕೆ ಇಬ್ಬರೂ ಹೋಗಿದ್ದರು. ಕೊನೇ ದಿನ ಇವನಿಗೆ ಜ್ವರ, ಡೇರೆಯಲ್ಲಿ ಮಲಗಿದ್ದ. ಅವಳು ಹತ್ತಿದಳು. ಗಿಡ ಕಿತ್ತು ಚೀಲಕ್ಕೆ ಹಾಕಿ, ಚೀಲ ಹಗ್ಗದಲ್ಲಿ ಇಳಿಸಿದಳು. ಆಮೇಲೆ ಪಾಚಿ ಮೇಲೆ ಕಾಲಿಟ್ಟಳು. ಚೀಲ ಸಿಕ್ಕಿತು. ಫೋನು, ಫೋನಿನೊಳಗಿನ ಫೋಟೋ, ಎಲ್ಲಾ ಪ್ರಪಾತದಲ್ಲಿ. ಅವಳು ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ಬಂದಳು. ನಾನು ಇನ್ನೂ ಹತ್ತಿಲ್ಲ.

ಗಿಡ ಏನಂದರೆ, ದೊಡ್ಡ ಅಂಗಡಿಗಳಲ್ಲಿ ಡಬ್ಬಿಯಲ್ಲಿಟ್ಟು ಮಾರ್ತಾರಲ್ಲ ಬ್ಲೂಬೆರ್ರಿ, ಅದರ ಕಾಡು ನೆಂಟ. ಮರದ ಮೇಲೆ ಬೆಳೆಯುತ್ತಂತೆ. ಮರವೇ ಇಲ್ಲದ ಸೀಮೆಯಲ್ಲಿ ಹುಟ್ಟಿದವಳಿಗೆ ಮರದ ಮೇಲಿನ ಗಿಡವೇ ಬೇಕಾಯ್ತು.

ಲೋಹಿತ ಅಂದ: "ಅಂಕಲ್, ಇದು ಲೋಕಕ್ಕೇ ಹೊಸ ಜಾತಿ ಅಂತ ಅವಳ ವಾದ. ಹೌದು ಅನ್ನೋಕೆ ಎರಡು ಸಾಕ್ಷಿ ಬೇಕು. ಎಲೆ ಅಂಚು ಬೇರೆ ಐತೆ, ಅದು ಕೈಯಲ್ಲಿದೆ. ಇನ್ನೊಂದು ಹಣ್ಣಿನ ಬಣ್ಣ. ಹಳೇ ಜಾತಿದು ಮಾಗಿದ್ರೆ ಇಟ್ಟಿಗೆ ಕೆಂಪು. ಇದರದ್ದು ಬೇರೆ ಆಗಿದ್ರೆ ಹೊಸದು, ಇಲ್ದಿದ್ರೆ ಹಳೇದೇ. ಹಣ್ಣು ಸ್ಪಿರಿಟ್‌ನಲ್ಲಿ ಬಿದ್ದ ಮೇಲೆ ಬಣ್ಣ ಎಲ್ಲಾ ಹೋಗಿದೆ. ಹಾಕೋಕೆ ಮುಂಚೆ ಅವಳೊಬ್ಬಳೇ ಕಂಡಿದ್ದು."

ಹೊಸದಾದರೆ ಗಿಡಕ್ಕೆ ಗಂಗಿಯ ಪೂರ್ತಿ ಹೆಸರು, ಗಂಗಲಕ್ಷ್ಮಿ, ಅದನ್ನೇ ಇಡ್ತಾನಂತೆ. ಜೇಬಿಂದ ಕಾಗದದ ಕವರು ತೆಗೆದ. ಒಳಗೆ ಗಿಡಕ್ಕೆ ಕಟ್ಟಿದ್ದ ಚೀಟಿ. ಅವಳ ಅಕ್ಷರ: "ಮಾಗಿದ ಹಣ್ಣು: ಅಪ್ಪ ೨೭." ಚೀಟಿಯ ತೂತಿಗೆ ಒಂದು ಎಳೆ ರೇಷ್ಮೆ ಕಟ್ಟಿದೆ.

"ಬಣ್ಣ ನೋಡೋಕೆ ನಾವೆಲ್ಲ ಫಾರಿನ್ ಪುಸ್ತಕ ಹಿಡ್ಕೊಂಡು ಓಡಾಡಿದ್ರೆ, ಅವಳು ನಂಬರ್ ಹಾಕಿದ ನಿಮ್ಮ ದಾರದ ಕಾರ್ಡು ಹಿಡಿದು ಓಡಾಡ್ತಿದ್ಳು. ನಗ್ತಿದ್ವಿ. 'ನಮ್ಮಪ್ಪನ ಬಣ್ಣ ಗಟ್ಟಿ ಬಣ್ಣ ಕಣ್ರೋ' ಅಂತಿದ್ಳು."

ಕಾರ್ಡು ಆಮೇಲಿನ ಮಳೆಯಲ್ಲಿ ಮುದ್ದೆಯಾಗಿದೆ. ಉಳಿದದ್ದು ಅವಳು ಕಾರ್ಡಿಂದ ಬಿಚ್ಚಿ ಚೀಟಿಗೆ ಕಟ್ಟಿದ ಇದೊಂದೇ ಎಳೆ. ಎಳೆ ನೋಡಿ ಹೇಳೋ ಧೈರ್ಯ ನನಗಿಲ್ಲ, ಇಪ್ಪತ್ತೇಳು ಯಾವ ಬಣ್ಣ ಅಂತ ನೀವೇ ಗುರುತಿಸಿ ಕೊಡಿ, ಶುಕ್ರವಾರ ಬರ್ತೀನಿ ಅಂತ ಬಿಟ್ಟು ಹೋದ.

೪ ಫೆಬ್ರವರಿ, ಮಂಗಳವಾರ

ಇಪ್ಪತ್ತೇಳು ನೇರಳೆ. ಕಡು ನೇರಳೆ, ಬಿಸಿಲಿಗೆ ಹಿಡಿದರೆ ನೀಲಿ ಮಿಂಚಬೇಕು. ಚೀಟಿಯಲ್ಲಿರೋ ಎಳೆ ಇಟ್ಟಿಗೆ ಕೆಂಪು.

ಎರಡು ಸಲ ಕನ್ನಡಕ ಒರೆಸಿ ನೋಡಿದೆ. ಕನ್ನಡಕದ ತಪ್ಪಲ್ಲ.

ಕಾರಣ ಗೊತ್ತಿದೆ. ಇಪ್ಪತ್ತೊಂದನೇ ಇಸವಿ, ಲಾಕ್‌ಡೌನ್. ಒಳ್ಳೇ ನೀಲಿ ಪುಡಿ ಬರೋದು ನಿಂತಿತ್ತು. ಬಳ್ಳಾರಿಯಿಂದ ಇನ್ನೊಂದು ತರಿಸಿದೆ. ಹಂಡೆಯಲ್ಲಿ ಏನೋ ಚೆನ್ನಾಗಿಯೇ ಹಿಡೀತು. ನೀರು ತಾಗಿದರೆ, ಬಿಸಿ ತಾಗಿದರೆ, ನೀಲಿ ಎದ್ದು ಹೋಗೋದು, ಕೆಂಪು ಉಳಿಯೋದು. ಅದು ತಿಳಿದದ್ದು ಎರಡನೇ ತಿಂಗಳಿಗೆ. ಅಷ್ಟರಲ್ಲಿ ಗಟ್ಟಿ ಬಣ್ಣ ಅಂತ ಹೇಳಿಯಾಗಿತ್ತು. ಹೇಳಿದ್ದನ್ನು ವಾಪಸ್ ತಗೊಳ್ಳೋನು ವ್ಯಾಪಾರ ಮಾಡಬಾರದು ಅಂತ ಆಗಿನ ನನ್ನ ಲೆಕ್ಕ. ಪುಡಿ ಮುಗಿಯೋವರೆಗೂ ಅದ್ದಿದೆ. ಇದೇ ಪುಸ್ತಕದಲ್ಲಿ ನಲವತ್ತು ಪುಟ ಹಿಂದೆ ಆ ತುಂಡುಗಳಿವೆ. ನೋಡಿದೆ. ಅಂಟಿನ ನೀರು ತಾಗಿದ ಕಡೆಯೆಲ್ಲ ಕೆಂಪು.

ಗಂಗಿಗೆ ಕಾರ್ಡು ಮಾಡಿಕೊಟ್ಟದ್ದೂ ಅದೇ ವರ್ಷ.

ಕೇಳೋಕೆ ಬಂದವನು ಅಜ್ಜಪ್ಪ ಒಬ್ಬನೇ. ನೇಕಾರ. ಆ ದಾರದಲ್ಲಿ ಅವನು ನೇಯ್ದ ಸೀರೆಯ ಸೆರಗಿಗೆ ಸಾರು ಚೆಲ್ಲಿ, ಕೊಂಡವರು ಸೆರಗಷ್ಟೇ ತೊಳೆದರು, ಬಣ್ಣ ಹೋಯ್ತು, ಸೀರೆ ವಾಪಸ್ ಬಂತು. ಟೀ ಹೋಟೆಲ್ ಮುಂದೆ ನನ್ನ ಹಿಡಿದ. ನಾನು ಅಂದೆ: "ಹೆಂಗಸರು ಬಟ್ಟೆ ಸೋಪಿನಲ್ಲಿ ರೇಷ್ಮೆ ತಿಕ್ಕಿದ್ರೆ ಬಣ್ಣ ಇರ್ಲಿ, ಒಳಗಿನ ಹುಳಾನೇ ಎದ್ದು ಓಡಿ ಹೋಗುತ್ತೆ ಕಣೋ." ಹೋಟೆಲ್ಲಿಗೆ ಹೋಟೆಲ್ಲೇ ನಕ್ಕಿತು. ಆಮೇಲೆ ಅವನ ಸೀರೆ ಯಾರೂ ಮುಟ್ಟಲಿಲ್ಲ. ಮಗ್ಗ ಬಿಚ್ಚಿ ಮಾರಿ ಚಳ್ಳಕೆರೆಗೆ ಹೋದ. ಎಣ್ಣೆ ಮಿಲ್ಲಿನಲ್ಲಿ ಕಾವಲು ಅಂತೆ.

ಎಲ್ಲಾ ವ್ಯಾಪಾರದಲ್ಲೂ ಇರುತ್ತೆ.

೫ ಫೆಬ್ರವರಿ, ಬುಧವಾರ

ಕೆಲಸ ಮುಗಿಸಿದೆ. ಸಣ್ಣ ಪಾತ್ರೆಯಲ್ಲಿ ಒಳ್ಳೇ ಪುಡಿ ಹಾಕಿ ಒಂದು ಎಳೆ ಅದ್ದಿದೆ. ಇಪ್ಪತ್ತೇಳು ಅಂದರೆ ಹೇಗಿರಬೇಕೋ ಹಾಗೆ ಬಂತು. ಹಳೇ ಎಳೆಯ ಕುಣಿಕೆ ಕತ್ತರಿಸಿ ಹೊಸದು ಕಟ್ಟಿದೆ. ಇದರಲ್ಲಿ ಸುಳ್ಳೇನಿದೆ? ಅವಳು ಬರೆದದ್ದು ಇಪ್ಪತ್ತೇಳು, ನಾನು ಕೊಟ್ಟದ್ದು ಇಪ್ಪತ್ತೇಳು. ಹೋದ ಬಣ್ಣವನ್ನು ಜಾಗಕ್ಕೆ ತಂದು ಕೂರಿಸಿದೆ, ಅಷ್ಟೇ. ಸತ್ತವಳಿಗೆ ಅಪ್ಪ ಇಷ್ಟೂ ಮಾಡಬಾರದಾ?

ಹಳೇ ಎಳೆ ಗಂಟು ಸಮೇತ ಇಲ್ಲೇ ಕೆಳಗೆ ಅಂಟಿಸಿದ್ದೀನಿ. ತುಂಡು ಎಸೆಯೋದು ನನ್ನ ಕೈಗೆ ಬರಲ್ಲ.

೭ ಫೆಬ್ರವರಿ, ಶುಕ್ರವಾರ

ಲೋಹಿತ ಚೀಟಿ ನೋಡಿ ಬೆರಗಾದ. "ಅಂಕಲ್, ನನಗೆ ಕೆಂಪು ಇದ್ದಂಗೆ ನೆನಪು!"

"ಕವರಿನ ಧೂಳು ಕಣಪ್ಪ. ರೇಷ್ಮೆಗೆ ಧೂಳು ಹಿಡಿದ್ರೆ ಹಂಗೇ. ಬ್ರಷ್ಷಲ್ಲಿ ಒರೆಸಿದೆ." ಬಾಯಿ ತಾನಾಗೇ ಹೇಳಿತು. ಅವನು ನಂಬಿದ. ನಂಬೋ ಜನರ ಮುಖ ದೂರದಿಂದಲೇ ಗೊತ್ತಾಗುತ್ತೆ ನನಗೆ, ಅದರಲ್ಲೇ ಅಲ್ಲವಾ ಮೇಲೆ ಬಂದದ್ದು.

ಲಕ್ಷ್ಮಕ್ಕ ಕಾಫಿ ತಂದವಳು ಲೋಟ ಇಟ್ಟು ಬಗ್ಗಿ ನೋಡಿದಳು. ನವೆಂಬರಿನಿಂದ ನನ್ನ ಹೆಂಡತಿ ಯಾವುದನ್ನೂ ಬಗ್ಗಿ ನೋಡಿರಲಿಲ್ಲ.

"ಇದು ಗಂಗಿ ಹಾಕಿದ ಗಂಟಲ್ಲ."

ಮನೆಯಲ್ಲಿ ದಾರ ಸುತ್ತೋಳು ಅವಳೇ. ಎಳೆ ತುಂಡಾದರೆ ಕಟ್ಟೋ ಗಂಟನ್ನು ಮಗಳಿಗೆ ಕಲಿಸಿದವಳೂ ಅವಳೇ. ಗಂಗಿ ಎಡಗೈಯವಳು, ಅವಳ ಗಂಟಿನ ಬಾಲ ಉಲ್ಟಾ ಕಡೆ ಮಲಗ್ತಿತ್ತು.

ನಾನು ಬಿಡಲಿಲ್ಲ. "ಅಲ್ಲಿ ಹಿಮ ಸುರೀತಿತ್ತಂತೆ ಕಣೇ. ಬೆರಳು ಮರಗಟ್ಟಿದಾಗ ಎಡ ಏನು, ಬಲ ಏನು? ಯಾವ ಕೈ ಬಗ್ಗುತ್ತೋ ಅದರಲ್ಲಿ ಕಟ್ಟಿರ್ತಾಳೆ." ಲೋಹಿತ ತಲೆ ತಗ್ಗಿಸಿದ. ಹೌದು ಆಂಟಿ, ಬಹಳ ಚಳಿ ಇತ್ತು ಅಂದ. ಚೀಟಿ ಜೇಬಿಗಿಟ್ಟುಕೊಂಡು ಹೋದ. ಮಾರ್ಚ್ ಒಂದಕ್ಕೆ ಲೇಖನ ಕಳಿಸ್ತಾನಂತೆ.

ಮಾತಿನಲ್ಲಿ ಗೆದ್ದೆ.

೮ ಫೆಬ್ರವರಿ

ತಟ್ಟೆ ಇಟ್ಟಳು, ಬಡಿಸಲಿಲ್ಲ. ನಾನೇ ಬಡಿಸಿಕೊಂಡೆ.

೧೨ ಫೆಬ್ರವರಿ, ಬುಧವಾರ

ಐದು ದಿನಕ್ಕೆ ಬಾಯಿ ಬಿಟ್ಟಳು. "ಅಜ್ಜಪ್ಪನ ಹತ್ರಾನೂ ಹಿಂಗೇ ಮಾತಾಡಿದ್ರಿ."

ನಾನು ಚಪ್ಪಲಿ ಹುಡುಕೋಕೆ ಎದ್ದೆ.

"ಅವಳ ಗಂಟು ಎಲ್ಲೈತೆ?"

ಪುಸ್ತಕ ತೆಗೆದು ತೋರಿಸಿದೆ. ಬೆರಳ ತುದಿಯಿಂದ ಗಂಟು ಮುಟ್ಟಿದಳು, ಬಾಲ ಎಡಕ್ಕೆ ಮಲಗಿದ್ದು. ಬಹಳ ಹೊತ್ತು ಮುಟ್ಟಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಮಾಡೋಕೆ ಒಂದು ಕೆಲಸ ಇರ್ತಿತ್ತು.

ಆಮೇಲೆ ಕೇಳಿದಳು: "ಹಣ್ಣಿನ ಪಕ್ಕಕ್ಕೆ ಹಿಡಿದಾಗ ಈ ದಾರ ಯಾವ ಬಣ್ಣಕ್ಕಿತ್ತು?"

"ಇಪ್ಪತ್ತೇಳು. ನೇರಳೆ."

"ನೀವು ಕಂಡ್ರಾ? ಆ ಹೊತ್ತಿಗಾಗ್ಲೇ ಕೆಂಪಾಗಿದ್ರೆ? ಕೆಂಪು ಹಣ್ಣಿಗೆ ಕೆಂಪು ದಾರ ಹೊಂದಿಸಿ, ಕಾರ್ಡಿನ ನಂಬರ್ ನೋಡಿ ಇಪ್ಪತ್ತೇಳು ಅಂತ ಬರೆದಿದ್ರೆ?"

ಮೂವತ್ತೊಂದು ವರ್ಷ ಬಣ್ಣ ಅದ್ದಿದವನಿಗೆ ಹೊಳೆಯದೇ ಇದ್ದದ್ದು ಸುತ್ತೋ ಹೆಂಗಸಿಗೆ ಹೊಳೆಯಿತು.

೧೩ ಫೆಬ್ರವರಿ, ಗುರುವಾರ

ಎರಡು ಸಾಲು ಎಳೆದು ಬರೆದು ನೋಡಿದೆ. ದಾರ ಬೆಟ್ಟದ ಮೇಲೆ ನೇರಳೆ ಇದ್ದು, ಕೆಳಗೆ ತಂದು ಗಿಡ ಒಣಗಿಸುವಾಗ ಬಿಸಿಗೆ ಕೆಂಪಾಗಿದ್ದರೆ, ಹಣ್ಣು ನೇರಳೆ, ಗಿಡ ಹೊಸದು, ಅವಳು ಸರಿ. ಬೆಟ್ಟದ ತೇವಕ್ಕೆ ಮೊದಲೇ ಕೆಂಪಾಗಿದ್ದರೆ, ಹಣ್ಣು ಕೆಂಪು, ಗಿಡ ಹಳೇದು. ಯಾರಿಗೋ ಮೊದಲೇ ಸಿಕ್ಕಿದ್ದ ಗಿಡಕ್ಕಾಗಿ ಅವಳು ಬಿದ್ದಳು.

ಎರಡರಲ್ಲಿ ಯಾವುದು ಅಂತ ಹೇಳಬೇಕಾದ ದಾರವನ್ನು ನಾನೇ ಕತ್ತರಿಸಿ, ನನಗೆ ಬೇಕಾದ ಉತ್ತರ ಕಟ್ಟಿ ಕಳಿಸಿದೆ. ಗಿಡ ಹಳೇದಾಗಿದ್ದರೆ, ನಾಳೆ ಯಾರಾದರೂ ಅಲ್ಲಿಗೆ ಹತ್ತಿ ಕೆಂಪು ಹಣ್ಣು ಕಂಡರೆ, ಸುಳ್ಳಿ ಅನ್ನಿಸಿಕೊಳ್ಳೋಳು ಅವಳು. ವಾಪಸ್ ಬಂದು ಬಾಯಿ ಮಾಡೋಕೂ ಆಗಲ್ಲ. ಬಾಯಿ ಮಾಡೋದು ನನ್ನಿಂದ ಕಲಿಯಲೂ ಇಲ್ಲ ಅವಳು.

ಪರೀಕ್ಷೆ ಮಾಡಿ ನೋಡೋಣ ಅಂದರೆ ಆ ವರ್ಷದ ದಾರ ನನ್ನ ಹತ್ತಿರ ಉಳಿದಿಲ್ಲ. ಇಲ್ಲಿ ಅಂಟಿಸಿದವು ಅಂಟಿಗೆ ಕೆಟ್ಟಿವೆ. ನೀರು, ಬಿಸಿ ಕಾಣದೆ ಮಡಿಸಿಟ್ಟ ಇಪ್ಪತ್ತೇಳು ಇರೋದು ಒಂದೇ ಕಡೆ, ಅದೂ ಇನ್ನೂ ಇದ್ದರೆ.

೧೯ ಫೆಬ್ರವರಿ, ಬುಧವಾರ. ಚಳ್ಳಕೆರೆ

ಆರು ದಿನ ಬಸ್ ಹತ್ತಲಿಲ್ಲ. ಇವತ್ತು ಹತ್ತಿದೆ.

ಎಣ್ಣೆ ಮಿಲ್ಲಿನ ಗೇಟಿನಲ್ಲಿ ಅಜ್ಜಪ್ಪ ಸ್ಟೂಲ್ ಹಾಕಿಕೊಂಡು ಕೂತಿದ್ದ. ಮೈಯೆಲ್ಲ ಶೇಂಗಾ ಹೊಟ್ಟು. ನನ್ನ ನೋಡಿ ಎದ್ದೇಳಲಿಲ್ಲ.

"ಏನ್ಲೇ ಎರ್ರಿ, ದಾರಿ ತಪ್ಪಿದ್ಯಾ?" ನನ್ನ ಹೆಸರನ್ನ ಹಂಗೆ ತುಂಡು ಮಾಡಿ ಕರೆಯೋನು ಅವನೊಬ್ಬನೇ.

"ಇಲ್ಲ. ನಿನ್ನೇ ನೋಡೋಕೆ ಬಂದೆ."

"ಮಗಳ ಸುದ್ದಿ ಕೇಳಿದೆ. ಬರೋಣ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಬರ್ಲಿಲ್ಲ." ಮುಖ ಯಾರದ್ದು ಹೋಗಿತ್ತು ಅಂತ ನನಗೆ ಗೊತ್ತು, ಅವನಿಗೂ ಗೊತ್ತು.

ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಎಲ್ಲಿಂದ ಶುರು, ಎಲ್ಲಿ ದನಿ ತಗ್ಗಿಸೋದು, ಎಲ್ಲಾ. ಒಂದೂ ಬರಲಿಲ್ಲ. "ಆ ಸೀರೆ ಐತಾ?" ಅಂದೆ.

ಅವನು ನನ್ನನ್ನೇ ನೋಡಿದ. "ಯಾಕೆ? ಸೋಪು ಯಾವ್ದು ಅಂತ ನೋಡೋಕಾ?"

"ಬಣ್ಣ ನಂದೇ ಕೆಟ್ಟದ್ದು ಅಜ್ಜಪ್ಪ. ಆವತ್ತೇ ಗೊತ್ತಿತ್ತು."

ಮಿಲ್ಲಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ ಹೇಳಬೇಕಾಯ್ತು. ಎರಡನೇ ಸಲ ಹೆಚ್ಚು ಕಷ್ಟ. ಚೀಟಿಯ ವಿಷಯ, ಹಣ್ಣಿನ ವಿಷಯ ಹೇಳಿದೆ.

ಅವನ ಮನೆ ಮಿಲ್ಲಿನ ಹಿಂದೆ. ಹೆಂಡತಿ ಚಿನ್ನಕ್ಕ ಬಾಗಿಲಲ್ಲಿ ನಿಂತಳು, ಬಾ ಅನ್ನಲಿಲ್ಲ, ನೀರೂ ಕೊಡಲಿಲ್ಲ. ಟ್ರಂಕಿನ ತಳದಿಂದ ಅಜ್ಜಪ್ಪ ಸೀರೆ ತೆಗೆದ. ಮೇಲಿದ್ದ ಸೆರಗು ಇಟ್ಟಿಗೆ ಕೆಂಪು. ಮಡಿಕೆ ಒಂದೊಂದಾಗಿ ಬಿಚ್ಚಿದ. ಒಳಗೆಲ್ಲ ನೇರಳೆ. ಕಿಟಕಿಗೆ ಹಿಡಿದ, ನೀಲಿ ಮಿಂಚಿತು. ನಾಲ್ಕು ವರ್ಷದ ಮೇಲೂ.

"ಹುಳ ಎದ್ದು ಓಡಿ ಹೋಗಿಲ್ಲ ನೋಡ್ಲೇ," ಅಂದ.

ಚಿನ್ನಕ್ಕ ಒಳಗಿಂದ ಕೂಗಿದಳು: "ಕೊಡಬ್ಯಾಡ್ರಿ! ಇವನ ಬಾಯಿಗೆ ನಮ್ಮ ಮಗ್ಗ ಹೋತು, ಈಗ ಇದೊಂದು ಉಳ್ದೈತೆ."

ಅಜ್ಜಪ್ಪ ಮಡಿಸಿ ಪೇಪರಿನಲ್ಲಿ ಸುತ್ತಿದ. "ಇವನಿಗೆ ಕೊಡ್ತಿಲ್ಲ ಕಣೇ. ಆ ಹುಡುಗಿಗೆ ಕೊಡ್ತಿದೀನಿ. ನಮ್ಮ ಮಗ್ಗದ ಕೆಳಗೆ ಕೂತು ಬಿದ್ದ ಎಳೆ ಆರಿಸ್ತಿತ್ತು ಅದು."

ಪೇಪರಿನ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ.

ಅಲ್ಲಿಂದ ಲೋಹಿತನ ರೂಮಿಗೆ ಹೋದೆ. ಎಲ್ಲಾ ಹೇಳಿದೆ. ಅವನು ಮೊದಲು ನಕ್ಕ, ತಮಾಷೆ ಅಂದುಕೊಂಡು. ಆಮೇಲೆ ಎದ್ದು ಗೋಡೆ ಕಡೆ ಮುಖ ಮಾಡಿದ.

"ಹತ್ತು ದಿನ ಅಂಕಲ್. ಹತ್ತು ದಿನ ಕಳೆದಿದ್ರೆ ಹೋಗ್ತಿತ್ತು ಅದು. ಅವಳ ಹೆಸರಲ್ಲಿ. ನನ್ನ ಕೈಯಿಂದ." ತಿರುಗಿ ಕೇಳಿದ: "ಹಿಮ ಸುರೀತಿತ್ತು ಅಂದ್ರಲ್ಲ, ಅದೂ ನೀವೇ ಕಟ್ಟಿದ್ದಾ?"

ಹೌದು ಅಂದೆ.

"ಆಂಟಿ ಎದುರಿಗೆ ನಾನೂ ಹೂಂ ಅಂದೆ. ನನಗೆ ಜ್ವರ, ನಾನು ಡೇರೆ ಬಿಟ್ಟು ಬಂದೇ ಇರ್ಲಿಲ್ಲ. ಚಳಿ ಇತ್ತು ಅಂದೆ. ಅವಳ ಕೈ ಹೆಂಗಿತ್ತು ಅಂತ ನನಗೇನು ಗೊತ್ತು?"

ಅವನು ಅಳುವಾಗ ನಾನು ಪೇಪರಿನ ಗಂಟು ಬಿಚ್ಚಿ ಮೇಜಿನ ಮೇಲೆ ಸೀರೆ ಹರಡಿದೆ. ಹೊಸ ಎಳೆಯ ಚೀಟಿ ವಾಪಸ್ ಇಸಿದುಕೊಂಡೆ, ನನ್ನ ಗಂಟು ಬಿಚ್ಚಿದೆ, ಬರೀ ಚೀಟಿ ಕೊಟ್ಟೆ.

೩ ಮಾರ್ಚ್, ಸೋಮವಾರ

ಲೋಹಿತ ಫೋನ್ ಮಾಡಿದ್ದ. ಮಾತು ಬಿಗಿ, ಆದರೆ ಮಾಡಿದ. ಸೀರೆಯ ಒಳಮಡಿಕೆಯಿಂದ ಎಳೆ ತೆಗೆದು, ಕೆಲವನ್ನು ಕಾರ್ಡಿನಲ್ಲಿ ಮಡಿಸಿ, ನೀರು ನೇರ ತಾಗದೆ, ಒದ್ದೆ ಡಬ್ಬಿಯಲ್ಲಿ ಬೆಟ್ಟದ ತೇವದ ಹಾಗೆ ಇಟ್ಟಿದ್ದನಂತೆ. ಹನ್ನೊಂದು ದಿನಕ್ಕೂ ನೇರಳೆ. ಇನ್ನು ಕೆಲವನ್ನು ಗಿಡದ ಜೊತೆ ಪೇಪರಿನಲ್ಲಿಟ್ಟು ಸ್ಟೌ ಮೇಲೆ ಒಣಗಿಸಿದ. ಒಂದೇ ದಿನಕ್ಕೆ ಇಟ್ಟಿಗೆ ಕೆಂಪು.

"ಹಂಗಾದ್ರೆ ಅವಳು ಹಿಡಿದಾಗ ನೇರಳೆ ಇತ್ತಾ?"

"ಇದ್ದಿರಬೇಕು."

"ಇತ್ತು ಅನ್ನಪ್ಪ."

"ಇದ್ದಿರಬೇಕು ಅನ್ನೋದಷ್ಟೇ ನನಗೆ ಬರೆಯೋಕೆ ಆಗೋದು ಅಂಕಲ್. ಹಣ್ಣಿನ ಕಾಲಕ್ಕೆ, ನವೆಂಬರಿನಲ್ಲಿ, ಮತ್ತೆ ಹತ್ತಿ ನೋಡ್ತೀನಿ. ಆ ಮರ ನಿಂತಿದ್ರೆ."

ಲೇಖನದ ಜೊತೆಗೆ ನನ್ನದೊಂದು ಕಾಗದ ಬೇಕಂತೆ. ಆ ವರ್ಷದ ಇಪ್ಪತ್ತೇಳು ಗಟ್ಟಿಯಲ್ಲ, ತಯಾರು ಮಾಡಿದವನಿಗೆ ಗೊತ್ತಿತ್ತು, ಅಂತ. ಬಣ್ಣ ಗಟ್ಟಿ ಅಂತ ನಾನು ಸಾಧಿಸಿದರೆ ಚೀಟಿಯ ಕೆಂಪೆಳೆಯೇ ಸಾಕ್ಷಿ, ಅವಳ ಹಣ್ಣು ಕೆಂಪು. ನಾನು ಮೋಸಗಾರ ಆದರೆ ಮಾತ್ರ ಅವಳದು ನೇರಳೆ.

ಬರೆದು ಸಹಿ ಮಾಡಿದೆ. ನಾಲ್ಕೇ ಸಾಲು. ಇಷ್ಟು ಚಿಕ್ಕದು ನಾನು ಹೇಳಿದ್ದು ನೆನಪಿಲ್ಲ.

೬ ಮಾರ್ಚ್, ಗುರುವಾರ

ಹನುಮಣ್ಣ ಬಂದಿದ್ದ, ನೇರಳೆ ಬೇಕು ಅಂತ. ಆರು ಮಗ್ಗದ ಧಣಿ, ಊರಿಗೇ ಸುದ್ದಿ ಹಂಚೋನು. "ಗಟ್ಟಿ ತಾನೇ?" ಅಂತ ವಾಡಿಕೆಗೆ ಕೇಳಿದ.

"ಈಗಿನದು ಗಟ್ಟಿ. ಇಪ್ಪತ್ತೊಂದರಲ್ಲಿ ಕೊಟ್ಟದ್ದು ಅಲ್ಲ. ಅಜ್ಜಪ್ಪ ಹೇಳಿದ್ದು ನಿಜ."

ಹನುಮಣ್ಣ ನಗೋಕೆ ಬಾಯಿ ತೆರೆದ. ಮುಂದೆ ತಮಾಷೆ ಬರುತ್ತೆ ಅಂತ ಕಾದ. ಬರಲಿಲ್ಲ.

"ಮರಿ ಮಾ ಚೀರಲು?" ಅಂದ. ಅವನು ಗಾಬರಿಯಾದರೆ ತೆಲುಗಿಗೆ ಇಳೀತಾನೆ. ಹಾಗಾದರೆ ನಮ್ಮ ಸೀರೆಗಳ ಗತಿ?

"ಅವೂ ಹೋಗುತ್ವೆ."

ಸಂಜೆಗೆ ಊರೆಲ್ಲ ಸುದ್ದಿ ಆಗಿತ್ತು. ಅಂಗಡಿ ಮುಂದಿನ "ಗಟ್ಟಿ ಬಣ್ಣ" ಬೋರ್ಡು ಇಳಿಸಿದೆ. ತುಕ್ಕು ಹಿಡಿದಿತ್ತು, ಹೇಗೂ ಇಳಿಸಬೇಕಿತ್ತು.

೧೪ ಮಾರ್ಚ್

ಅದ್ದೋಕೆ ಕೊಟ್ಟಿದ್ದ ಲಡಿಗಳನ್ನ ವಾಪಸ್ ತಗೊಂಡು ಹೋದರು. ಹತ್ತೊಂಬತ್ತು ಜನ. ಇಬ್ಬರು ಮಾತ್ರ ಒಳಗೆ ಬಂದು ಹೇಳಿ ತಗೊಂಡರು. ಟೀ ಹೋಟೆಲ್ಲಿಗೆ ಹೋಗಿಲ್ಲ.

ಲಕ್ಷ್ಮಕ್ಕ ಬಡಿಸಿದಳು.

೨೨ ಮಾರ್ಚ್, ಶನಿವಾರ

ಲೋಹಿತ ಬಂದ. ಲೇಖನ ಕಳಿಸಿದ್ದಾನೆ. ಇಂಗ್ಲಿಷಿನ ಒಂದು ಸಾಲನ್ನು ಲಕ್ಷ್ಮಕ್ಕನಿಗೆ ಕನ್ನಡದಲ್ಲಿ ಹೇಳಿದ: "ಮಾಗಿದ ಹಣ್ಣು, ಸಂಗ್ರಹಿಸಿದವರ ಚೀಟಿಯ ಪ್ರಕಾರ, ಕಡು ನೇರಳೆ, ಬಣ್ಣದ ಎಳೆ ಮಾಸುವಂಥದ್ದು, ಟಿಪ್ಪಣಿ ನೋಡಿ." ಅವಳು ಇನ್ನೊಂದು ಸಲ ಹೇಳಿಸಿದಳು. ಗಂಗಿ ಹೆಸರು ಇಟ್ಟಿದ್ದಾನೆ. ಒಪ್ಪುತ್ತಾರೋ ಇಲ್ಲವೋ ತಿಂಗಳುಗಟ್ಟಲೆ ಆಗುತ್ತಂತೆ. ಟಿಪ್ಪಣಿಯಲ್ಲಿ ನನ್ನ ಹೆಸರೂ ಇದೆ. ಅಪ್ಪ ಮಗಳ ಹೆಸರು ಒಂದೇ ಕಾಗದದಲ್ಲಿ ಬಂದದ್ದು ಅವಳ ಶಾಲೆ ದಾಖಲಾತಿ ಆದ ಮೇಲೆ ಇದೇ.

ಹಳೇ ಎಳೆ ಒಣಗಿದ ಗಿಡ ಅಂಟಿಸಿದ ಹಾಳೆಗೇ ಸೇರಬೇಕು ಅಂದ. ಕೀಳೋಕೆ ಹೋದರೆ ತುಂಡಾಗುತ್ತೆ. ಅಂಟು ನಂದು, ಅದು ಮಾತ್ರ ಗಟ್ಟಿ. ಲಕ್ಷ್ಮಕ್ಕ ಸಣ್ಣ ಕತ್ತರಿ ತಂದು, ಈ ಪುಸ್ತಕದ ಫೆಬ್ರವರಿ ಐದನೇ ತಾರೀಖಿನ ಪುಟದಲ್ಲಿ ಎಳೆಯ ಸುತ್ತ ಕಾಗದವನ್ನೇ ಕತ್ತರಿಸಿದಳು. ಗಂಟು ಅಲುಗಲಿಲ್ಲ. ಅಂಗೈಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು ಆಮೇಲೆ ಕೊಟ್ಟಳು.

ಪುಟದಲ್ಲಿ ಕಿಂಡಿ ಬಿದ್ದಿದೆ. ನಾನು ಕಟ್ಟಿ ಬಿಚ್ಚಿದ ಹೊಸ ಎಳೆ ಜೇಬಿನಲ್ಲೇ ಇತ್ತು. ಅದನ್ನು ಅಲ್ಲಿ ಅಂಟಿಸಿ ಮುಚ್ಚೋಣ ಅಂತ ತೆಗೆದೆ.

"ಬ್ಯಾಡ," ಅಂದಳು. "ಹಂಗೇ ಇರ್ಲಿ."

ಹಾಗೇ ಬಿಟ್ಟೆ.

೨೪ ಮಾರ್ಚ್, ಸೋಮವಾರ

ಹಂಡೆ ಹಚ್ಚಿದೆ. ಲಡಿ ತಂದವರು ಯಾರೂ ಇಲ್ಲ, ಮನೆಯದೇ ಒಂದು ಲಡಿ. ನಂಬರ್ ೨೭. ಒಳ್ಳೇ ಪುಡಿ. ಬಣ್ಣ ಚೆನ್ನಾಗಿ ಬಂದಿದೆ. ಪಕ್ಕದಲ್ಲಿ ಇನ್ನೂ ಏನೂ ಅಂಟಿಸಿಲ್ಲ. ಒಂದು ತುಂಡು ನೀರಿನಲ್ಲಿ, ಒಂದು ತುಂಡು ಒಲೆ ಮೇಲೆ ಇಟ್ಟಿದ್ದೀನಿ. ಬೆಳಿಗ್ಗೆ ಲಕ್ಷ್ಮಕ್ಕ ನೋಡಿ ಹೇಳಿದ ಮೇಲೆ ಬರೆಯೋದು.